ಹಬ್ಬದ ರಾತ್ರಿ ನಿಂತೇ ಇರುತ್ತಿದ್ದವಳು

ನನ್ನ ತಮ್ಮನ ಹೆಂಡತಿ ಜುಲ್ಮೀರಾಳನ್ನು ನಾವಿರುವ ನದಿ ದಂಡೆಯ ಓಬಿದುಸ್ ಊರಿನವರು ‘ಯಹೂದಿಗಳ ಜುಲ್ಮೀರಾ’ ಎನ್ನುತ್ತಾರೆ. ಬೆಲೆಂ ಪಟ್ಟಣದಲ್ಲಿರುವ ನಮ್ಮ ಯಹೂದಿ ಬಳಗದವರು ‘ಎಲಿಯಾಸ್ ಕಟ್ಟಿಕೊಂಡನಲ್ಲ, ಆ ನದಿ ಕಡೆಯ ಹುಡುಗಿ’ ಎನ್ನುತ್ತಾರೆ. ಹುಡುಗಿಗೆ ನಲವತ್ತು ಹತ್ತಿರ ಬಂತು, ಎರಡು ಹೆಣ್ಣುಮಕ್ಕಳ ತಾಯಿ, ಗಂಡ ಸತ್ತಿದ್ದಾನೆ. ಆದರೂ ಅವರಿಗೆ ಹುಡುಗಿಯೇ. ಇವರನ್ನು ಕೇಳಿದರೆ ಅವಳು ಅವರ ಕಡೆಯವಳು, ಅವರನ್ನು ಕೇಳಿದರೆ ಇವರ ಕಡೆಯವಳು. ಇದನ್ನು ಕೇಳಿ ಕೇಳಿ ನನಗೇ ಸಾಕಾಗಿದೆ, ಅವಳಿಗೆ ಹೇಗಾಗಿರಬೇಡ.

ಅವಳಪ್ಪ ಮಳೆಗಾಲದಲ್ಲಿ ಕಾಡಿಗೆ ಹೋಗಿ ಬಾದಾಮಿಯಂಥ, ಗಟ್ಟಿ ಚಿಪ್ಪಿನ ಕಸ್ತಾನ್ಯಾ ಕಾಯಿ ಆರಿಸಿ, ದೋಣಿ ತುಂಬ ತಂದು ನಮ್ಮ ಅಂಗಡಿಯಲ್ಲಿ ಸುರಿಯುತ್ತಿದ್ದ. ಒಂದು ವರ್ಷ ಕಾಯಿಯ ಜೊತೆ ಮಗಳನ್ನೂ ತಂದು, ‘ಇವಳಿಗೆ ಏನಾದರೂ ಕೆಲಸ ಕೊಡಿ, ಊಟ ಹಾಕಿ’ ಎಂದು ಬಿಟ್ಟುಹೋದ. ಬಟ್ಟೆ ಅಳೆಯುವುದನ್ನು ಒಂದೇ ವಾರದಲ್ಲಿ ಕಲಿತಳು. ಬಾಯಿಗೆ ಬಾಯಿ ಕೊಡುವುದು ಮೊದಲೇ ಬರುತ್ತಿತ್ತು. ನನ್ನ ತಮ್ಮ ಎಲಿಯಾಸ್ ಉಪ್ಪಿನ ಮೂಟೆಯ ಹಿಂದೆ ಅವಳ ಮಾತು ಕೇಳಿಕೊಂಡು ನಗುತ್ತಾ ಕೂತಿದ್ದನ್ನು ನೋಡಿದಾಗಲೇ ನನಗೆ ಗೊತ್ತಾಗಿತ್ತು, ಇದು ಇಲ್ಲಿಗೆ ನಿಲ್ಲುವುದಿಲ್ಲ ಎಂದು. ನಿಲ್ಲಲಿಲ್ಲ. ನಮ್ಮಮ್ಮ ಮೆಸೋಡಿ ಮಗನ ಜೊತೆ ಮಾತು ಬಿಟ್ಟಳು. ಆದರೆ ಅಂಗಡಿಯಲ್ಲಿ ಇಬ್ಬರೂ ಒಂದೇ ಗಲ್ಲಾಪೆಟ್ಟಿಗೆಯ ಹಿಂದೆ ಕೂರಬೇಕಾದ್ದರಿಂದ ಆ ಮುನಿಸು ಬಹಳ ಕಾಲ ನಡೆಯಲಿಲ್ಲ.

ಜುಲ್ಮೀರಾ ಶಾಸ್ತ್ರದ ಪ್ರಕಾರ ನಮ್ಮವಳಾಗಬೇಕಾದರೆ ಬೆಲೆಂಗೆ ಹೋಗಿ ತಿಂಗಳುಗಟ್ಟಲೆ ಉಳಿದು, ಗುರುಗಳ ಹತ್ತಿರ ಕಲಿತು, ನೀರಿನಲ್ಲಿ ಮುಳುಗಿ ಏಳಬೇಕಿತ್ತು. ‘ಮುಂದಿನ ವರ್ಷ’ ಅಂದ ಎಲಿಯಾಸ್. ಮುಂದಿನ ವರ್ಷ ಪೆರ್ಲಾ ಹೊಟ್ಟೆಯಲ್ಲಿದ್ದಳು. ಅದರ ಮುಂದಿನ ವರ್ಷ ನದಿ ಉಕ್ಕಿ ಅಂಗಡಿಗೆ ನೀರು ನುಗ್ಗಿತು. ಆಮೇಲೆ ಲೂನಾ ಹುಟ್ಟಿದಳು. ನನ್ನ ತಮ್ಮ ಒಳ್ಳೆಯವನು. ಆದರೆ ‘ಮುಂದಿನ ವರ್ಷ’ ಎನ್ನುವುದರಲ್ಲೇ ಅವನ ಆಯುಸ್ಸು ಮುಗಿಯಿತು.

ಅವಳೇನೂ ಕಾದು ಕೂರಲಿಲ್ಲ. ಮನೆಗೆ ಬಂದ ವರ್ಷವೇ ಮೀನಿನವರನ್ನು ಹೆದರಿಸಿಬಿಟ್ಟಳು. ಮೈಮೇಲೆ ಹುರುಪೆ ಇಲ್ಲದ ಮೀನು ನಮಗೆ ನಿಷಿದ್ಧ, ನಮ್ಮ ಹೊಸ್ತಿಲು ದಾಟುವುದಿಲ್ಲ. ‘ನಿನ್ನ ಅಪ್ಪನ ಮನೆಯಲ್ಲಿ ಇದನ್ನೇ ಚಪ್ಪರಿಸಿಕೊಂಡು ತಿಂತಿದ್ದೆಯಲ್ಲೇ’ ಎಂದು ಮೀನಿನವನು ರೇಗಿಸಿದರೆ, ‘ಅಪ್ಪನ ಮನೇಲಿ ನಿನ್ನಂಥವನ ಮುಖಾನೂ ನೋಡ್ತಿದ್ದೆ, ಈಗ ನೋಡ್ಬೇಕಾ?’ ಎಂದು ಬಾಗಿಲು ಹಾಕುತ್ತಿದ್ದಳು. ದೀಪದ ಹಬ್ಬ ಬಂದರೆ ಕಸ್ತಾನ್ಯಾ ಚಿಪ್ಪುಗಳಲ್ಲಿ ಎಣ್ಣೆ ಬತ್ತಿ ಹಾಕಿ ಕಿಟಕಿಯಲ್ಲಿ ಸಾಲಾಗಿಡುವಳು, ದಿನಕ್ಕೊಂದು ಹೆಚ್ಚು. ಯಾವ ಮಗು ಯಾವ ದಿನ ಹಚ್ಚಬೇಕೆಂದು ಜಗಳ ಹಚ್ಚಿ, ಅದನ್ನು ಬಿಡಿಸುವುದೂ ಅವಳದೇ ಕೆಲಸ. ಗುಡಿಸಲ ಹಬ್ಬಕ್ಕೆ ಹಿತ್ತಲಲ್ಲಿ ಅಸಾಯಿ ತಾಳೆಯ ಗರಿಗಳ ಚಪ್ಪರ ಹಾಕಿ, ಮಕ್ಕಳ ಜೊತೆ ತಾನೂ ಅಲ್ಲೇ ಉಣ್ಣುವಳು. ಕೋಳಿಗಳೂ ಬಂದು ಕೂರುತ್ತಿದ್ದವು. ‘ಅತಿಥಿಗಳನ್ನ ಓಡಿಸಬಾರದಂತೆ’ ಎಂದು ಮಕ್ಕಳಿಗೆ ಹೇಳುವಳು. ಮನಾಉಸ್‌ನಲ್ಲಿರುವ ನನ್ನ ಇನ್ನೊಬ್ಬ ತಮ್ಮನ ಮಕ್ಕಳಿಗೆ ಯಾವ ಹಬ್ಬ ಯಾವ ತಿಂಗಳು ಎಂದೂ ಗೊತ್ತಿಲ್ಲ. ಅವನ ಹೆಂಡತಿ ಹುಟ್ಟಾ ನಮ್ಮವಳು, ಹಾಗಾಗಿ ಅವರು ಲೆಕ್ಕಕ್ಕಿದ್ದಾರೆ.

ನಮ್ಮಮ್ಮನಿಗೆ ಸೊಸೆ ಹೊರಗಿನವಳಾಗಿ ಉಳಿದದ್ದರಿಂದ ಒಂದು ಅನುಕೂಲವೂ ಇತ್ತು. ವಾರದ ವಿರಾಮದ ಸಬ್ಬತ್ ದಿನ, ಹಬ್ಬದ ದಿನ ನಮ್ಮವರು ಬೆಂಕಿ ಆರಿಸುವ ಹಾಗಿಲ್ಲ. ಆರಿಸು ಎಂದು ಬೇರೆಯವರಿಗೆ ಹೇಳುವ ಹಾಗೂ ಇಲ್ಲ. ಅದಕ್ಕೆ ಅಮ್ಮ ಹಾಸಿಗೆಯಲ್ಲಿ ಮಲಗಿಕೊಂಡು ಗೋಡೆಗೆ ಹೇಳುವಳು: “ಅಬ್ಬಬ್ಬಾ, ಈ ದೀಪ ಕಣ್ಣಿಗೆ ಹೊಡೀತಿದೆ.” ಜುಲ್ಮೀರಾ ಎದ್ದು ಬಂದು ಉಫ್ ಎಂದು ಊದುವಳು. ಪೆರ್ಲಾ ಚಿಕ್ಕವಳಿದ್ದಾಗ ಒಮ್ಮೆ ತಾನು ಊದಲು ಹೋಗಿ ಅಜ್ಜಿಯಿಂದ ಕೈಗೆ ಏಟು ತಿಂದಿದ್ದಳು. “ಅದು ನಿನ್ನ ಕೆಲಸ ಅಲ್ಲ, ನಿಮ್ಮಮ್ಮನ ಕೆಲಸ.” ಬೇಕಾದಾಗ ಸೊಸೆ, ಬೇಡವಾದಾಗ ಹೊರಗಿನವಳು. ನಾನು ಈ ಮಾತನ್ನು ಅಮ್ಮನ ಮುಖಕ್ಕೇ ಹೇಳಿದ್ದೆ. “ನಿನಗೊಂದು ಸೊಸೆ ಬಂದಾಗ ನೀನು ಸರಿಯಾಗಿ ನೋಡ್ಕೋ” ಅಂದಳು. ನಾನು ಮದುವೆಯೇ ಆಗದೆ ಉಳಿದವಳೆಂದು ಗೊತ್ತಿದ್ದೂ ಅಂದ ಮಾತು ಅದು.

ಪೆಸಾಹ್ ಹಬ್ಬದ ಮೊದಲ ರಾತ್ರಿ ನಮ್ಮಲ್ಲೊಂದು ಪದ್ಧತಿಯಿದೆ. ನಮ್ಮ ಹಿರಿಯರು ಮೊರಾಕೊದಿಂದ ಬರುವಾಗ ಜೊತೆಗೆ ತಂದದ್ದು. ಕಹಿ ಸೊಪ್ಪು, ಮೊಟ್ಟೆ, ಸುಟ್ಟ ಮೂಳೆ, ಕಸ್ತಾನ್ಯಾ ಮತ್ತು ಖರ್ಜೂರ ಸೇರಿಸಿ ರುಬ್ಬಿದ ಸಿಹಿ, ಹುಳಿ ಬರಿಸದ ರೊಟ್ಟಿ, ಎಲ್ಲ ಜೋಡಿಸಿದ ದೊಡ್ಡ ತಾಮ್ರದ ತಟ್ಟೆಯನ್ನು ಎತ್ತಿ, ಮೇಜಿನ ಸುತ್ತ ಕೂತ ಒಬ್ಬೊಬ್ಬರ ತಲೆಯ ಮೇಲೂ ಸುತ್ತಿಸಬೇಕು. ಈಜಿಪ್ಟಿನಿಂದ ಅವಸರದಲ್ಲಿ ಹೊರಟುಬಂದದ್ದನ್ನು ಎಲ್ಲರೂ ಹಾಡಬೇಕು. ಯಾರ ತಲೆಯ ಮೇಲೆ ತಟ್ಟೆ ಸುತ್ತಿತೋ ಅವರು ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದವರ ಜೊತೆ ಸೇರಿದ ಹಾಗೆ. ಮಕ್ಕಳು ತಲೆ ಎತ್ತಿ ತಟ್ಟೆಯ ಅಡಿ ನೋಡುತ್ತಾ ಕಾಯುವುದನ್ನು ನೋಡುವುದೇ ಒಂದು ಸಂತೋಷ.

ಮದುವೆಯಾದ ಮೊದಲ ವರ್ಷ ಎಲಿಯಾಸ್ ತಟ್ಟೆ ಹಿಡಿದು ಒಬ್ಬೊಬ್ಬರನ್ನೇ ದಾಟಿ ಹೆಂಡತಿಯ ಹತ್ತಿರ ಬಂದ. ಅಷ್ಟರಲ್ಲಿ ಅಮ್ಮ ಅಂದಳು: “ಜುಲ್ಮೀರಾ, ಸಾರು ಉಕ್ತಿದೆ ನೋಡು.” ಅವಳು ಪಾಪ, ಎದ್ದು ಓಡಿದಳು. ಸಾರು ಉಕ್ಕಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ತಟ್ಟೆ ಮೇಜಿನ ಮೇಲಿತ್ತು. ಮುಂದಿನ ವರ್ಷವೂ ಅದೇ ಹೊತ್ತಿಗೆ ಸಾರು ಉಕ್ಕಿತು. ಯಾಕಮ್ಮಾ ಹೀಗೆ ಎಂದು ಕೇಳಿದರೆ, “ಅವಳು ಎಲ್ಲಿಂದ ಬಿಡಿಸ್ಕೊಂಡು ಬಂದವಳು? ಅವಳಪ್ಪ ದೋಣೀಲಿ ತಂದು ಬಿಟ್ಟ” ಅಂದಳು. ಕ್ರಮೇಣ ಜುಲ್ಮೀರಾ ಹೇಳಿಸಿಕೊಳ್ಳುವುದನ್ನೇ ಬಿಟ್ಟಳು. ಹಬ್ಬದ ರಾತ್ರಿ ಅವಳಿಗೆ ಕುರ್ಚಿಯನ್ನೇ ಹಾಕುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಮಸಿಬಟ್ಟೆ ಹಿಡಿದು ನಿಂತಿರುವಳು. ಬಡಿಸುವಾಗ ಬರುವಳು, ಮತ್ತೆ ಹೋಗಿ ನಿಲ್ಲುವಳು. ಮಕ್ಕಳು ಹುಟ್ಟಿದಾಗಿನಿಂದ ಕಂಡದ್ದು ಇದನ್ನೇ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಎಲಿಯಾಸ್‌ಗೆ ಜ್ವರ ಬಂತು, ಇಳಿಯಲೇ ಇಲ್ಲ. ಕೊನೆಕೊನೆಗೆ ಅವನು ಹೆಂಡತಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: “ತಟ್ಟೆ ನೀನೇ ಎತ್ತು. ಡೊನಿನಾಗೆ ಭುಜ ನೋವು, ಅಮ್ಮನ ಕೈಲಿ ಆಗಲ್ಲ. ಮಕ್ಕಳಿಗೆ ತಪ್ಪಬಾರದು.” ಡೊನಿನಾ ಎಂದರೆ ನಾನು. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪುಸ್ತಕ ನೋಡಿ ಕಥೆ ಓದುವುದು ನಾನು, ತಟ್ಟೆ ಎತ್ತುವುದು ಅವಳು, ಪ್ರಶ್ನೆ ಕೇಳುವುದು ಪೆರ್ಲಾ. ಅಮ್ಮನ ತಲೆಯ ಮೇಲೆ, ನನ್ನ ತಲೆಯ ಮೇಲೆ, ಮಕ್ಕಳ ತಲೆಯ ಮೇಲೆ ತಟ್ಟೆ ಸುತ್ತಿಸಿ, ಮೇಜಿನ ಮೇಲಿಟ್ಟು ಬಾಗಿಲಿಗೆ ಹೋಗಿ ನಿಲ್ಲುವಳು. “ಅಕ್ಕ, ಇವರಿಬ್ಬರೂ ಆ ಮೇಜಿಗೆ ಬಂದು ಕೂತ್ರೆ ಸಾಕು. ಅದು ನಿಂತುಹೋದ ದಿನ ಇವರಪ್ಪ ಇನ್ನೊಂದ್ಸಲ ಸತ್ತ ಹಾಗೆ” ಎಂದು ನನ್ನ ಹತ್ತಿರ ಹೇಳಿದ್ದಳು.

ಪೆರ್ಲಾಗೆ ಹನ್ನೆರಡು ತುಂಬುವ ವರ್ಷ. ಶಾಲೆಗೆ ದೊಡ್ಡ ರಜೆ ಬಂದಾಗ ಅವಳನ್ನು ಬೆಲೆಂನಲ್ಲಿರುವ ನನ್ನ ಚಿಕ್ಕಪ್ಪನ ಮಗಳ ಮನೆಗೆ ಕಳಿಸಿದೆವು. ಅಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಪಾಠ ನಡೆಯುತ್ತದೆ. ಹನ್ನೆರಡು ತುಂಬಿದವರನ್ನು ಎಲ್ಲರ ಮುಂದೆ ನಿಲ್ಲಿಸಿ ಹರಸುತ್ತಾರೆ. ಜುಲ್ಮೀರಾ ಅದಕ್ಕೆಂದೇ ಬಿಳಿ ಬಟ್ಟೆ ಹೊಲಿದು, ಕತ್ತಿನ ಸುತ್ತ ಕೈಯಾರೆ ಕಸೂತಿ ಹಾಕಿ, ಹಡಗಿನವರೆಗೆ ಬಂದು ಗಂಟು ಕೊಟ್ಟಳು. ಹುಡುಗಿ ಕುಣಿದುಕೊಂಡು ಹೋದಳು. ಮುಖ ಊದಿಸಿಕೊಂಡು ಬಂದಳು. ಬಿಳಿ ಬಟ್ಟೆಯ ಮಡಿಕೆ ಬಿಚ್ಚಿರಲಿಲ್ಲ.

ಏನಾಯಿತೆಂದು ತಾಯಿಗೆ ಹೇಳಲಿಲ್ಲ. ನನ್ನ ಹತ್ತಿರ, ಅಂಗಡಿಯಲ್ಲಿ ಯಾರೂ ಇಲ್ಲದಾಗ ಬಾಯಿ ಬಿಟ್ಟಳು.

“ಹುಡುಗೀರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೆಸರು ಕರೆದ್ರು, ಡೊನಿನತ್ತೆ. ನನ್ನ ಹೆಸರು ಕರೀಲಿಲ್ಲ. ಟೀಚರ್ ಪಕ್ಕಕ್ಕೆ ಕರ್ಕೊಂಡೋಗಿ ಮಿಠಾಯಿ ಕೊಟ್ರು. ನಿನ್ನ ತಪ್ಪಲ್ಲ ಮಗು, ಅದು ತಾಯಿ ಕಡೆಯಿಂದ ಬರಬೇಕು ಅಂದ್ರು.”

“ಆಮೇಲೆ?”

“ಬೇಕಾದ್ರೆ ದೊಡ್ಡವಳಾದ ಮೇಲೆ ಕಲಿತು, ನೀರಲ್ಲಿ ಮುಳುಗಿ ಆಗಬಹುದು ಅಂದ್ರು. ಆಗೋದು ಅಂದ್ರೆ ಏನತ್ತೆ? ನಾನು ಇಷ್ಟು ದಿನ ಏನಾಗಿದ್ದೆ?”

“ನೀನು ಏನಂದೆ ಅವರಿಗೆ?” ಎಂದೆ.

“ಏನೂ ಅನ್ಲಿಲ್ಲ. ಮಿಠಾಯಿ ತಿಂದೆ” ಎಂದು ಅಳತೊಡಗಿದಳು. ಹೆಸರು ಕರೆಯದಿದ್ದಕ್ಕಿಂತ, ಅವರೆದುರು ಆ ಮಿಠಾಯಿ ತಿಂದುಬಿಟ್ಟೆನಲ್ಲ ಎಂಬ ನಾಚಿಕೆಯೇ ಅವಳನ್ನು ಹೆಚ್ಚು ಕೊರೆಯುತ್ತಿತ್ತು. ಆ ಟೀಚರನ್ನು ಬೈಯೋಣವೆಂದರೆ ಆಕೆ ಹೇಳಿದ್ದು ಸುಳ್ಳಲ್ಲ, ಕೆಟ್ಟದಾಗಿಯೂ ಹೇಳಿಲ್ಲ. ಬೈಯಲು ಯಾರೂ ಸಿಕ್ಕದ ಕೋಪ ಬಹಳ ಕೆಟ್ಟದ್ದು.

ತಾಯಿಗೆ ಅದು ಗೊತ್ತಾಗಲು ತಡವಾಗಲಿಲ್ಲ. ಶುಕ್ರವಾರ ಸಂಜೆ ಜುಲ್ಮೀರಾ ದೀಪ ಹಚ್ಚುವಾಗ ಹುಡುಗಿ ಹಿತ್ತಲಿಗೆ ಹೋಗುವಳು. ತಂಗಿ ಲೂನಾಗೆ ಆರು ವರ್ಷ, ಅವಳು ಹಾಡು ಶುರುಮಾಡಿದರೆ ‘ಸುಮ್ನಿರೇ, ಅದು ನಮಗಲ್ಲ’ ಎಂದು ಗದರುವಳು. ಜುಲ್ಮೀರಾ ಹಲ್ಲು ಕಚ್ಚಿಕೊಂಡಿದ್ದಳು. ಪೆಸಾಹ್ ಹತ್ತಿರ ಬಂದಾಗ ಮಾತಿಗೆ ಮಾತು ಬೆಳೆಯಿತು.

ನಮ್ಮ ಹಬ್ಬದ ವೈನ್ ಬೆಲೆಂನಿಂದ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಜುಲ್ಮೀರಾ ಪ್ರತಿ ವರ್ಷ ಒಣದ್ರಾಕ್ಷಿಯನ್ನು ಸಕ್ಕರೆ ಹಾಕಿ ಕುದಿಸಿ, ಜಾಡಿಯಲ್ಲಿ ಬಟ್ಟೆ ಕಟ್ಟಿಟ್ಟು, ಸೋಸಿ ತಾನೇ ಮಾಡುತ್ತಾಳೆ. ಆ ದಿನ ಒಲೆಯ ಮುಂದೆ ನಿಂತು ಸೌಟು ಆಡಿಸುತ್ತಿದ್ದಳು. ನಾನು ಸೊಪ್ಪು ಬಿಡಿಸುತ್ತಿದ್ದೆ. ಪೆರ್ಲಾ ಬಾಗಿಲಿಗೆ ಬಂದಳು.

“ಯಾಕಮ್ಮ ಅದನ್ನ ಮಾಡ್ತಿದೀಯ?”

“ಇಷ್ಟು ವರ್ಷ ಯಾಕೆ ಮಾಡಿದ್ನೋ ಅದಕ್ಕೇ.”

“ಬೇರೆಯವರು ಮುಟ್ಟಿದ ವೈನ್ ನಾವು ಕುಡಿಯೋ ಹಾಗಿಲ್ಲ. ಅಲ್ಲಿ ಹೇಳ್ಕೊಟ್ರು.”

ಸೌಟು ನಿಂತಿತು. “ನಾವು ಅಂದ್ರೆ ಯಾರೇ?” ಅಂದಳು ಜುಲ್ಮೀರಾ. “ಅವರು ನಿನ್ನನ್ನೂ ಸೇರಿಸ್ಕೊಂಡಿಲ್ವಲ್ಲ.”

ತಾಯಿಯಾದವಳು ಆಡಬಾರದ ಮಾತು ಅದು. ಆಡಿದ ತಕ್ಷಣ ಅವಳಿಗೂ ಗೊತ್ತಾಯಿತು. ಆದರೆ ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳುವುದು ಹೇಗೆ? ಪೆರ್ಲಾ ಹೋಗಿ ತೂಗುಹಾಸಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಜುಲ್ಮೀರಾ ಮತ್ತೆ ಸೌಟು ಆಡಿಸತೊಡಗಿದಳು. ಕಣ್ಣಿಂದ ಇಳಿದದ್ದು ಪಾತ್ರೆಗೂ ಬಿದ್ದಿರಬೇಕು.

“ಅಕ್ಕ, ನಾನು ಆಟ ಆಡ್ತಿದೀನಾ?” ಎಂದಳು ಸ್ವಲ್ಪ ಹೊತ್ತಿನ ಮೇಲೆ. “ಮಕ್ಕಳು ಮಣ್ಣಲ್ಲಿ ಅಡುಗೆ ಆಟ ಆಡ್ತವಲ್ಲ, ಹಾಗೆ? ನೀನಾದ್ರೂ ನಿಜ ಹೇಳು.”

“ಹುಚ್ಚಿ, ಆಟ ಆಡೋರು ಇಷ್ಟೊಂದು ಪಾತ್ರೆ ತೊಳೀತಾರಾ?” ಎಂದೆ. ಅವಳು ನಗಲಿಲ್ಲ.

“ನಾನು ಅವತ್ತು ಹೊರಗೇ ಬರಲ್ಲ, ಅಡುಗೆಮನೇಲೇ ಇರ್ತೀನಿ. ಅವಳು ಬಂದು ಕೂತ್ರೆ ಸಾಕು.”

“ತಟ್ಟೆ ಯಾರು ಎತ್ತಬೇಕು, ನಿನ್ನ ಗಂಡ ಎದ್ದು ಬರ್ತಾನಾ?” ಎಂದು ಗದರಿದೆ. ಅವಳಿಗೆ ಆಗ ಗದರಿಕೆಯೇ ಬೇಕಿತ್ತು. ಸಮಾಧಾನದ ಮಾತು ಆಡಿದ್ದರೆ ಅಲ್ಲೇ ಕುಸಿದುಬಿಡುತ್ತಿದ್ದಳು.

ಹಬ್ಬದ ದಿನ ಬೆಳಗಿನಿಂದ ಮಳೆ. ನದಿ ನಮ್ಮ ಬೀದಿಯ ಕೊನೆಯ ಮೆಟ್ಟಿಲವರೆಗೆ ಬಂದಿತ್ತು. ಸಂಜೆ ಮೇಜಿಗೆ ಬಿಳಿ ಬಟ್ಟೆ ಹಾಸಿದೆವು. ಅಮ್ಮನಿಗೆ ಎರಡು ಕಣ್ಣೂ ಮಂಜು, ಕೈಹಿಡಿದು ತಂದು ಮೇಜಿನ ತಲೆಯ ಕಡೆ ದಿಂಬಿಟ್ಟು ಕೂರಿಸಿದೆ. ಲೂನಾ ಬಂದು ಕೂತಳು. ಪೆರ್ಲಾ ಬರುವಳೋ ಇಲ್ಲವೋ ಎಂದು ಜುಲ್ಮೀರಾ ಬಾಗಿಲಲ್ಲಿ ಮಸಿಬಟ್ಟೆ ಹಿಂಡುತ್ತಾ ನಿಂತಿದ್ದಳು. ಪೆರ್ಲಾ ಬಂದಳು. ಅಪ್ಪ ಕೂರುತ್ತಿದ್ದ ಕುರ್ಚಿಯ ಪಕ್ಕದ ತನ್ನ ಜಾಗದಲ್ಲೇ ಕೂತಳು. ನನಗೆ ಅಬ್ಬ ಎನಿಸಿತು. ಆದರೆ ಅವಳ ಕೈ ಎರಡೂ ತೊಡೆಯ ಮೇಲಿದ್ದವು. ಮದುವೆಗೆ ಕರೆಯದೆ ಬಂದವರು ಕೂರುವ ಹಾಗೆ ಕೂತಿದ್ದಳು.

ಮೊದಲನೇ ಲೋಟ ತುಂಬಿಸಲು ಜುಲ್ಮೀರಾ ಬಾಟಲಿ ಹಿಡಿದು ಬಂದಳು. ಪೆರ್ಲಾ ತನ್ನ ಲೋಟದ ಮೇಲೆ ಅಂಗೈ ಮುಚ್ಚಿದಳು.

“ಡೊನಿನತ್ತೆ ಹಾಕ್ಲಿ.”

ನಾನು ಎದ್ದು ಬಾಟಲಿ ತೆಗೆದುಕೊಂಡೆ. ಅಷ್ಟಕ್ಕಾದರೂ ಸರಿಹೋದೀತು ಎಂದುಕೊಂಡೆ. ಅಂಗೈ ಕದಲಲಿಲ್ಲ. “ಮಾಡಿದ್ದೂ ಅವಳೇ ಅಲ್ವಾ” ಎಂದಳು ಮೆಲ್ಲಗೆ, ಕೇಳಿಸಲಿ ಎಂದೂ ಕೇಳಿಸದಿರಲಿ ಎಂದೂ. ಹಾಗೆ ಅವಳ ಲೋಟ ಖಾಲಿಯೇ ಉಳಿಯಿತು. ಕೆನ್ನೆಗೆ ಎರಡು ಬಿಡಬೇಕು ಎನ್ನುವಷ್ಟು ಸಿಟ್ಟು ಬಂತು ನನಗೆ. ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡೂ ಮಾಡದೆ ಓದಲು ಕೂತೆ.

ಅಮ್ಮನ ಕಣ್ಣಷ್ಟೇ ಹೋಗಿದೆ, ಕಿವಿಯಲ್ಲ. ಮೇಜಿನ ಬಟ್ಟೆಯ ಅಂಚನ್ನು ಬೆರಳಲ್ಲಿ ಸುತ್ತುತ್ತಾ, ಬಿಡಿಸುತ್ತಾ ಕೂತಳು.

ತಟ್ಟೆಯ ಹೊತ್ತು ಬಂತು. ಜುಲ್ಮೀರಾ ಸೆರಗಿನಂತೆ ಹೊದ್ದಿದ್ದ ಶಾಲನ್ನು ಹಿಂದಕ್ಕೆ ಸರಿಸಿ, ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿದಳು. ಅಮ್ಮನ ತಲೆಯ ಮೇಲೆ ಸುತ್ತಿಸಿದಳು, ನನ್ನ ತಲೆಯ ಮೇಲೆ ಸುತ್ತಿಸಿದಳು. ನಾವು ಹಾಡುತ್ತಿದ್ದೆವು. ಪೆರ್ಲಾಳ ಹತ್ತಿರ ಬಂದಾಗ ಅವಳು ಕುರ್ಚಿಯಲ್ಲೇ ಪಕ್ಕಕ್ಕೆ ಬಾಗಿದಳು.

“ಬೇಡಮ್ಮ. ನೀನು ಸುತ್ತಿಸಿದ್ರೆ ಏನೂ ಆಗಲ್ಲ.”

ತಟ್ಟೆ ಗಾಳಿಯಲ್ಲಿ ನಿಂತಿತು. ಮೊಟ್ಟೆ ಅಂಚಿನವರೆಗೆ ಉರುಳಿ ಬಂತು. ಜುಲ್ಮೀರಾ ತಟ್ಟೆಯನ್ನು ನೆಟ್ಟಗೆ ಮಾಡಿ, ಖಾಲಿ ಜಾಗದ ಮೇಲೆ ಒಂದು ಸಲ ಸುತ್ತಿಸಿ, ಲೂನಾಳ ಹತ್ತಿರ ಹೋದಳು. ಹಾಡು ಹಾಡುತ್ತಿದ್ದದ್ದು ಕೊನೆಗೆ ಲೂನಾ ಒಬ್ಬಳೇ. ತಟ್ಟೆಯನ್ನು ಮೇಜಿನ ಮೇಲಿಟ್ಟು ಜುಲ್ಮೀರಾ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಸ್ಟೌವಿನ ಮೇಲೆ ಮೀನಿನ ಸಾರು ಇತ್ತು. ಸೀಮೆಎಣ್ಣೆ ಸ್ಟೌವಿನ ಭರ್ರೆನ್ನುವ ಸದ್ದು ಅವಳ ಬೆನ್ನ ಹಿಂದಿನಿಂದ ಕೇಳುತ್ತಿತ್ತು.

ಆಮೇಲೆ ಮಕ್ಕಳು ಪ್ರಶ್ನೆ ಕೇಳಬೇಕು. ಉಳಿದ ರಾತ್ರಿಗಳಿಗಿಂತ ಈ ರಾತ್ರಿ ಯಾಕೆ ಬೇರೆ ಎಂದು. ಪೆರ್ಲಾ ಐದು ವರ್ಷದವಳಿದ್ದಾಗಿನಿಂದ ಒಂದಕ್ಷರ ತಪ್ಪದೆ ಕೇಳಿದವಳು, ಈಗ ತಟ್ಟೆಯ ಕಡೆಗೂ ನೋಡದೆ ಕೂತಿದ್ದಳು. “ಲೂನಾ, ನೀನು ಕೇಳೇ” ಎಂದೆ. ಲೂನಾ ಹಿಗ್ಗಿಹೋದಳು. ಕುರ್ಚಿಯ ಮೇಲೆ ಹತ್ತಿ ನಿಂತಳು. ರೊಟ್ಟಿಯದು ಕೇಳಿದಳು. ಕಹಿ ಸೊಪ್ಪಿನದು ಕೇಳಿದಳು. ಅದ್ದಿ ತಿನ್ನುವುದನ್ನು ಕೇಳಿದಳು. ನಾಲ್ಕನೆಯದು, ಈ ರಾತ್ರಿ ನಾವೆಲ್ಲ ಯಾಕೆ ಅರಸರ ಮನೆಯವರ ಹಾಗೆ ಒರಗಿ ಕೂತು ಉಣ್ಣುತ್ತೇವೆ ಎಂದು. ಅದನ್ನು ಅರ್ಧ ಹೇಳಿ ಸುತ್ತ ನೋಡಿದಳು.

“ಎಲ್ಲರೂ ಒರಗಿ ಕೂತ್ಕೋಬೇಕು ಅಂದ್ರೆ, ಅಮ್ಮ ಯಾಕೆ ನಿಂತಿದಾಳೆ?”

ಇದು ಪುಸ್ತಕದಲ್ಲಿಲ್ಲದ ಪ್ರಶ್ನೆ. ಆದರೆ ಈ ರಾತ್ರಿ ಮಗು ಕೇಳಿದ್ದಕ್ಕೆ ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ. ಹಬ್ಬ ಇರುವುದೇ ಅದಕ್ಕೆ. 

“ಪುಟ್ಟಿ, ಸುಮ್ನೆ ಕೂತ್ಕೊ. ನನಗೆ ಕೆಲಸ ಇದೆ, ಅದಕ್ಕೆ” ಎಂದಳು ಜುಲ್ಮೀರಾ ಬಾಗಿಲಿನಿಂದ.

“ನೀನು ಉತ್ತರ ಹೇಳ್ಬೇಡ” ಎಂದಳು ನಮ್ಮಮ್ಮ. “ಹಿರಿಯರು ಹೇಳ್ಬೇಕು. ನಾನಿದೀನಲ್ಲ.” ಬಟ್ಟೆಯ ಅಂಚು ಬಿಟ್ಟು ಎರಡೂ ಕೈಯನ್ನು ಮೇಜಿನ ಮೇಲಿಟ್ಟಳು. “ಕೇಳು ಲೂನಾ. ನಿಮ್ಮಮ್ಮ ನಿಂತಿರೋದು ನಾನು ನಿಲ್ಲಿಸಿದ್ದಕ್ಕೆ. ನಿಮ್ಮಪ್ಪ ತಟ್ಟೆ ತಂದಾಗ ಸಾರು ಉಕ್ತಿದೆ ಅಂತ ಎಬ್ಬಿಸಿದೆ. ಆಮೇಲೆ ಕೂರಿಸಲೇ ಇಲ್ಲ.”

“ಸಾರು ಉಕ್ಕಿತ್ತಾ ಅಜ್ಜಿ?”

“ಇಲ್ಲ.”

ಪೆರ್ಲಾ ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಅಮ್ಮನಿಗೆ ಅದು ಕಾಣಲಿಲ್ಲ. ಆದರೂ ಅವಳು ಕೂತ ಕಡೆಗೇ ತಿರುಗಿ ಅಂದಳು: “ನೀನು ಇವತ್ತು ಮಾಡಿದ್ದೆಲ್ಲ ಬೆಲೆಂನಲ್ಲಿ ಕಲಿತು ಬಂದಿದ್ದು ಅಂತ ನಿಮ್ಮತ್ತೆ ಹಲ್ಲು ಕಡೀತಿದಾಳೆ. ಅಲ್ಲಿ ಕಲಿತದ್ದು ಕಾನೂನು. ನಿಮ್ಮಮ್ಮನ್ನ ಹೇಗೆ ದೂರ ಇಡೋದು ಅನ್ನೋದನ್ನ ನೀನು ಕಲಿತದ್ದು ಈ ಮೇಜಲ್ಲೇ. ನನ್ನಿಂದ.”

ನನ್ನ ತಾಯಿ ತನ್ನ ಆಯುಸ್ಸಿನಲ್ಲಿ ತಪ್ಪಾಯಿತು ಎಂದದ್ದನ್ನು ನಾನು ಕೇಳಿಲ್ಲ. ಅವತ್ತೂ ಅನ್ನಲಿಲ್ಲ. “ಜುಲ್ಮೀರಾ, ಬಂದು ಕೂತ್ಕೊ” ಎಂದಳು, ಅಷ್ಟೇ.

ಜುಲ್ಮೀರಾ ಹೆದರಿದವಳಂತೆ ಹಿಂದೆ ತಿರುಗಿದಳು. “ಸಾರು ಉಕ್ತಿದೆ, ಅತ್ತೆಮ್ಮ.” ಈ ಸಲ ನಿಜವಾಗಿಯೂ ಉಕ್ಕುತ್ತಿತ್ತು. ಮುಚ್ಚಳ ಕುಣಿಯುವುದು ನನಗೂ ಕೇಳಿಸಿತು.

“ಉಕ್ಕಲಿ.”

ನಾನು ಎದ್ದು ಎಲಿಯಾಸ್ ಕೂರುತ್ತಿದ್ದ ಕುರ್ಚಿಯನ್ನು ಎಳೆದೆ. ಅವಳು ಬಂದು ಅದರ ತುದಿಯಲ್ಲಿ ಕೂತಳು. ಪೆರ್ಲಾಳ ಪಕ್ಕದಲ್ಲೇ, ಇಬ್ಬರ ಮೊಣಕೈ ತಾಗದಷ್ಟು ದೂರ. ಅಮ್ಮ ತಡಕಾಡಿ ತಟ್ಟೆಯ ಅಂಚು ಹಿಡಿದು ಎತ್ತಲು ನೋಡಿದಳು. ತಟ್ಟೆ ಏಳಲಿಲ್ಲ.

“ಬೇಡ ಅತ್ತೆಮ್ಮ” ಎಂದಳು ಜುಲ್ಮೀರಾ. “ತಟ್ಟೆ ಆಗಿಹೋಯ್ತು. ಅದನ್ನ ಒಂದೇ ರಾತ್ರೀಲಿ ಎರಡು ಸಲ ಎತ್ತೋದು ನಮ್ಮನೇಲಿ ಪದ್ಧತಿ ಇಲ್ಲ. ಮುಂದಿನ ವರ್ಷ ನೋಡೋಣ.”

ಅವಳ ಗಂಡನ ಮಾತು ಅದು, ಅವಳ ಬಾಯಲ್ಲಿ. ಅಮ್ಮನಿಗೆ ಎಂಬತ್ತು ದಾಟಿದೆ. ಮುಂದಿನ ವರ್ಷ ಎಂಬುದು ಯಾರ ಕೈಯಲ್ಲಿದೆ? ಆದರೆ ಅವಳು ಹೇಳಿದ್ದು ಸರಿ. ಅಮ್ಮ ತಟ್ಟೆ ಬಿಟ್ಟಳು.

ಅಷ್ಟರಲ್ಲಿ ಸಾರು ಸ್ಟೌವಿನ ಮೇಲೆ ಚೆಲ್ಲಿ ಸುಟ್ಟ ವಾಸನೆ ಮೇಜಿನವರೆಗೂ ಬಂತು. ಸ್ಟೌವಿನ ಸದ್ದು ಗೊರಗೊರ ಎಂದು ಬದಲಾಯಿತು. ಜುಲ್ಮೀರಾ ಅಭ್ಯಾಸದಂತೆ ಎದ್ದಳು. ಹಬ್ಬದ ರಾತ್ರಿ ಬೆಂಕಿ ಆರಿಸಬೇಕಾದರೆ ಆ ಮನೆಯಲ್ಲಿ ಅವಳೇ ಏಳಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ.

“ಕೂತ್ಕೊ” ಎಂದಳು ಪೆರ್ಲಾ.

ತಾನೇ ಎದ್ದು ಒಳಗೆ ಹೋದಳು. ನಾನು ಬಾಗಿಲ ಕಡೆ ನೋಡುತ್ತಿದ್ದೆ. ಆ ರಾತ್ರಿ ಯಾರು ಏನು ಮಾಡಬಾರದು ಎಂಬುದು ನಮ್ಮೆಲ್ಲರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಬೆಲೆಂನಲ್ಲಿ ಬಾಯಿಪಾಠ ಮಾಡಿ ಬಂದಿದ್ದಳು. ಗೊರಗೊರ ಸದ್ದು ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ಸ್ಟೌವಿನ ಸದ್ದು ನಿಂತಿತು. ಹೊರಗಿನ ಮಳೆ ಆಗ ಕೇಳಿಸಿತು. ಅಮ್ಮ ತಲೆಯನ್ನು ಆ ಕಡೆ ತಿರುಗಿಸಿದಳು. ಚಿಕ್ಕಂದಿನಲ್ಲಿ ದೀಪ ಊದಲು ಹೋದದ್ದಕ್ಕೆ ಇದೇ ಹುಡುಗಿಯ ಕೈಗೆ ಹೊಡೆದಿದ್ದವಳು, ಈಗ ತುಟಿ ಬಿಚ್ಚಲಿಲ್ಲ.

ಪೆರ್ಲಾ ಹೊರಗೆ ಬಂದಳು. ಬೆರಳಿಗೆ ಮಸಿ ಹತ್ತಿತ್ತು. ಅದನ್ನು ಎಲ್ಲಿ ಒರೆಸಿಕೊಳ್ಳಬೇಕೋ ತಿಳಿಯದೆ ನಿಂತಳು. ಜುಲ್ಮೀರಾ ಕೈಯಲ್ಲಿದ್ದ ಮಸಿಬಟ್ಟೆಯನ್ನು ಚಾಚಿದಳು. ಹುಡುಗಿ ಒರೆಸಿಕೊಂಡು ಕೂತಳು. ಬೆಲೆಂನಲ್ಲಿ ಅವಳಿಗೆ ಹೇಳಿದ್ದು ಆ ರಾತ್ರಿಯೂ ಹಾಗೇ ಇತ್ತು, ಇವತ್ತಿಗೂ ಹಾಗೇ ಇದೆ. ಹೆಸರು ಕರೆಯುವವರು ಕರೆದಿಲ್ಲ. ಬಿಳಿ ಬಟ್ಟೆ ಪೆಟ್ಟಿಗೆಯಲ್ಲೇ ಇದೆ, ಈಗ ಅವಳಿಗೆ ಚಿಕ್ಕದಾಗಿದೆ.

ಗಲಾಟೆಯಲ್ಲಿ ಎರಡನೇ ಲೋಟ ತುಂಬುವುದನ್ನೇ ಮರೆತಿದ್ದೆವು. ಮತ್ತೆ ಜಗಳಕ್ಕೆ ದಾರಿಯಾಗದಿರಲಿ ಎಂದು ನಾನೇ ಬಾಟಲಿಗೆ ಕೈ ಹಾಕಿದೆ. ಪೆರ್ಲಾ ತನ್ನ ಖಾಲಿ ಲೋಟವನ್ನು ಮೇಜಿನ ಮೇಲೆ ನನ್ನಿಂದ ಆಚೆಗೆ, ತಾಯಿಯ ಕಡೆಗೆ ಸರಿಸಿದಳು.

“ನೀವು ಬೇಡ ಅತ್ತೆ” ಎಂದಳು. “ಅಮ್ಮ ಹಾಕ್ಲಿ.”